ಐವತ್ತರ ಕರೆಂಟು

ಕೊಲ್ಲಿ ದೇಶದ ಅಲ್ ಖಫ್ಜಿಯ ಎಣ್ಣೆ ಕಂಪನಿಯಲ್ಲಿ ಮೀಟರು ರಿಪೇರಿ ಮಾಡುತ್ತಿದ್ದ ವಲೆಂಟೈನ್‌ಗೆ ಇತ್ತೀಚೆಗೆ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುವುದೂ ಒಂದು ಕೆಲಸ ಅನಿಸುತ್ತಿತ್ತು. ದಿನವಿಡೀ ಬಿಸಿಲಲ್ಲಿ ಪೈಪುಗಳ ನಡುವೆ ಓಡಾಡಿ, ಕಂಪನಿ ಬಸ್ಸಿನಲ್ಲಿ ತೂಕಡಿಸಿಕೊಂಡು ಮನೆಗೆ ಬಂದರೆ ಹೆಂಡತಿ ಮಾಗ್ದಲಿನ್ ಚಾ ಇಟ್ಟು ಎದುರು ಕೂರುತ್ತಿದ್ದಳು. ಮಾತು ಕಡಿಮೆ. ಹಿಂದಿನ ವರ್ಷ ಥೈರಾಯ್ಡ್ ಗಡ್ಡೆ ತೆಗೆಸಿದ ಮೇಲೆ ಅವಳ ಸ್ವರ ಹೋಗಿತ್ತು. ಗಂಟಲಿನಿಂದ ಬರೇ ಗಾಳಿಯಂಥ ಪಿಸುಮಾತು ಬರುತ್ತಿತ್ತು. ಹೀಗಾಗಬಹುದೆಂದು ಡಾಕ್ಟರು ಮೊದಲೇ ಹೇಳಿದ್ದರು. ನರ್ಸ್ ಕೆಲಸ ಬಿಟ್ಟದ್ದಕ್ಕೆ ಅವಳು ಅಳಲಿಲ್ಲ. ಆದರೆ ಅಡುಗೆ ಮಾಡುತ್ತ ಹಾಡುವವಳು ಹಾಡುವುದನ್ನು ನಿಲ್ಲಿಸಿದ್ದು ವಲೆಂಟೈನ್‌ಗೆ ಮನೆ ತುಂಬ ಕೇಳಿಸುತ್ತಿತ್ತು.

ಹಾಗಾಗಿಯೇ ಈ ಸಲ ರಜೆಯಲ್ಲಿ ಉಡುಪಿಗೆ ಹೋದಾಗ, ಅವಳ ತಮ್ಮ ಮೆಲ್ರಾಯ್ ಗುಜರಿಗೆ ಹಾಕಲು ತೆಗೆದಿಟ್ಟಿದ್ದ ರೆಕಾರ್ಡ್ ಪ್ಲೇಯರನ್ನು ಅವನು ಬಟ್ಟೆಯಲ್ಲಿ ಸುತ್ತಿ ತಂದ. ಜೊತೆಗೆ ಒಂದೇ ಒಂದು ರೆಕಾರ್ಡು. ಮಾಗ್ದಲಿನ್ ಕಾಲೇಜಿಗೆ ಹೋಗುತ್ತಿದ್ದಾಗ ಅವಳ ಇಗರ್ಜಿಯ ಹಾಡುವ ತಂಡ ಮಾಡಿಸಿದ್ದು. ಅದರಲ್ಲಿ ಹೆಂಡತಿಯ ಸ್ವರ ಉಂಟೆಂದು ಅವನಿಗೆ ಮದುವೆಯಾದಾಗಿನಿಂದ ಗೊತ್ತು. ಕೇಳಿರಲಿಲ್ಲ.

ಖಫ್ಜಿಗೆ ಮರಳಿ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಎಂದಿತು, ತಿರುಗಲಿಲ್ಲ. ಕೆಪಾಸಿಟರ್ ಸತ್ತಿತ್ತು. ಹೊಸದು ಹಾಕಿದ ಮೇಲೆ ತಟ್ಟೆ ತಿರುಗಿತು. ಮುಳ್ಳು ಇಟ್ಟದ್ದೇ ತಡ, ಇಡೀ ತಂಡ ಬಾಲವಾಡಿಯ ಮಕ್ಕಳ ಹಾಗೆ ಕೀಚಲು ದನಿಯಲ್ಲಿ, ಬಸ್ಸು ತಪ್ಪುತ್ತದೇನೋ ಎಂಬ ಅವಸರದಲ್ಲಿ ಹಾಡತೊಡಗಿತು. ಮಾಗ್ದಲಿನ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ಸಾಕು, ತೆಗೆ," ಎಂದು ಒಳಗೆ ಹೋದಳು.

ತಪ್ಪು ಎಲ್ಲೆಂದು ಅವನಿಗೆ ಆಗಲೇ ಹೊಳೆಯಿತು. ಊರಿನ ಕರೆಂಟು ಐವತ್ತು ಹರ್ಟ್ಸ್, ಸೆಕೆಂಡಿಗೆ ಐವತ್ತು ಅಲೆ; ಇಲ್ಲಿಯದು ಅರವತ್ತು. ಈ ಜಾತಿಯ ಮೋಟಾರು ಕರೆಂಟಿನ ತಾಳಕ್ಕೇ ಓಡುವುದು. ತಾಳ ಹೆಚ್ಚಿದರೆ ಅದರ ಓಟವೂ ಹೆಚ್ಚು.

ಮರುದಿನ ವರ್ಕ್‌ಶಾಪಿನಲ್ಲಿ ಜೊತೆಗಾರ ಸುಜಿತ್ ಕೇಳಿ ನಕ್ಕ. "ಎಂತಕ್ಕೆ ಈ ರಗಳೆ, ವಲೆಂಟೈನಣ್ಣ? ಕಂಪ್ಯೂಟರಿಗೆ ತುಂಬಿಸಿ ಸ್ಪೀಡ್ ಕಮ್ಮಿ ಮಾಡಿದ್ರೆ ಆಯ್ತಲ್ಲ."

"ಆಗ್ತದೆ," ಎಂದ ವಲೆಂಟೈನ್. "ಆದ್ರೆ ಅವಳ ಎದುರು ಅದೇ ತಟ್ಟೆ ಸರಿಯಾಗಿ ತಿರುಗ್ಬೇಕು ಮಾರಾಯ."

ಸುಜಿತ್ ಮತ್ತೆ ನಗಲಿಲ್ಲ. ಐವತ್ತರ ಅಲೆ ಹುಟ್ಟಿಸುವ ಒಂದು ಸಣ್ಣ ಬೋರ್ಡನ್ನು ತಾನೇ ತರಿಸಿಕೊಟ್ಟ. ವಲೆಂಟೈನ್ ಅದಕ್ಕೆ ಹಳೆಯ ಕಾರಿನ ಆಂಪ್ಲಿಫೈಯರ್ ಜೋಡಿಸಿದ. ವೋಲ್ಟೇಜ್ ಏರಿಸಲು ಒಂದು ಟ್ರಾನ್ಸ್‌ಫಾರ್ಮರನ್ನು ತಿರುಗುಮುರುಗಾಗಿ ಕಟ್ಟಿದ. ತಟ್ಟೆ ತಿರುಗಿತು, ನಿಧಾನವಾಯಿತು, ನಿಂತಿತು. ಟ್ರಾನ್ಸ್‌ಫಾರ್ಮರ್ ಮುಟ್ಟಲಾಗದಷ್ಟು ಸುಡುತ್ತಿತ್ತು. ಅಷ್ಟು ಸಣ್ಣದಕ್ಕೆ ಆ ಭಾರ ತಡೆಯದು.

ದೊಡ್ಡದನ್ನು ತಂದು ಕೂತ ಸಂಜೆ, ಬೆಸುಗೆ ಹಾಕುತ್ತಲೇ ಅವನಿಗೆ ನಿದ್ದೆ ಹತ್ತಿತು. ಸುಟ್ಟ ವಾಸನೆಗೆ ಎಚ್ಚರಾದಾಗ ಮೇಜಿನ ಬಟ್ಟೆ ಕಪ್ಪಾಗಿತ್ತು, ಮಾಗ್ದಲಿನ್ ಪ್ಲಗ್ ಕಿತ್ತು ಹಿಡಿದು ನಿಂತಿದ್ದಳು.

"ಇಷ್ಟು ಸುಸ್ತಾಗಿ ಇದೆಲ್ಲ ಯಾರಿಗೆ ಬೇಕು?"

"ನಂಗೆ ಬೇಕು," ಎಂದ ಅವನು. "ನೀನು ಹಾಡಿದ್ದು ಕೇಳ್ಬೇಕು."

ಅವಳು ಬಟ್ಟೆ ಮಡಚಿಟ್ಟು, ಮೊಬೈಲಿನ ಟಾರ್ಚ್ ಹಚ್ಚಿ ಬೋರ್ಡಿನ ಮೇಲೆ ಹಿಡಿದಳು. ಅವನ ಕಣ್ಣಿಗೆ ಬಿಡಿಭಾಗಗಳ ಸಣ್ಣ ತಂತಿಕಾಲುಗಳು ಈಗ ಸರಿಯಾಗಿ ಕಾಣುತ್ತಿರಲಿಲ್ಲ. "ಎಡಕ್ಕೆ. ಇನ್ನೂ ಸ್ವಲ್ಪ," ಎಂದು ಅವಳು ಪಿಸುಗುಟ್ಟಿದಂತೆ ಅವನು ಕೈ ಸರಿಸಿದ.

ಶುಕ್ರವಾರ ಮಧ್ಯಾಹ್ನ ಹೊರಗೆ ಧೂಳುಗಾಳಿ ಎದ್ದಿತ್ತು. ಈ ಸಲ ಟ್ರಾನ್ಸ್‌ಫಾರ್ಮರ್ ತಣ್ಣಗೇ ಇತ್ತು. ತಟ್ಟೆಗೆ ಕಾಗದದ ಗುರುತು ಅಂಟಿಸಿ, ಸುತ್ತು ಎಣಿಸಿ ವೇಗ ಸರಿಮಾಡಿದ. ಓಡತೊಡಗಿದ ಮೇಲೆ ವೋಲ್ಟೇಜ್ ತುಸು ಇಳಿಸಿದ್ದೇ, ಮೋಟಾರಿನ ನಡುಕ ನಿಂತು ಗುಂಯ್‌ಗುಡುವುದೂ ಅಡಗಿತು. ಊರಲ್ಲಿದ್ದಾಗಲೂ ಅದು ಇಷ್ಟು ಮೆತ್ತಗೆ ಓಡಿರಲಿಕ್ಕಿಲ್ಲ. ಮುಳ್ಳು ಇಟ್ಟ.

ಈಗ ಹಾಡುತ್ತಿದ್ದವರು ದೊಡ್ಡವರು, ಅವರಿಗೆ ಅವಸರವಿರಲಿಲ್ಲ. ಒಂದು ಸ್ವರ ಉಳಿದೆಲ್ಲದರ ಮೇಲೆ ತಿಳಿಯಾಗಿ ಏರಿತು. ವಲೆಂಟೈನ್ ಹೆಂಡತಿಯ ಕಡೆ ತಿರುಗಿದ.

"ನೀನು," ಎಂದ.

ಅವಳು ಅಲ್ಲವೆಂದು ತಲೆಯಾಡಿಸಿದಳು. "ಅದು ಲವಿನಾ. ನಂದು ಕೆಳಗಿನ ಸ್ವರ."

ಅವನು ಕಿವಿಗೊಟ್ಟ. ಲವಿನಾಳ ಕೆಳಗೆ ಹತ್ತಾರು ಮಂದಿಯ ದನಿ ಒಂದೇ ಮುದ್ದೆಯಾಗಿತ್ತು. "ಸಿಕ್ಕಲಿಲ್ಲ," ಎಂದು ಒಪ್ಪಿಕೊಂಡ. ಇಷ್ಟೆಲ್ಲ ಮಾಡಿ ಕೊನೆಗೆ ಇದೇ ಸಿಕ್ಕದಾಯಿತಲ್ಲ ಎಂದು ಅವನ ಹೆಗಲು ಇಳಿಯಿತು.

ಮಾಗ್ದಲಿನ್ ಎದ್ದು ಮುಳ್ಳನ್ನು ಮತ್ತೆ ಹಾಡಿನ ಮೊದಲಿಗೆ ಇಟ್ಟಳು. ಪಕ್ಕದಲ್ಲಿ ಕೂತು ಅವನ ಮಣಿಕಟ್ಟು ಹಿಡಿದಳು. ತನ್ನ ಸ್ವರ ಇಳಿಯುವಲ್ಲಿ ಬೆರಳು ಒತ್ತಿದಳು, ಏರುವಲ್ಲಿ ಸಡಿಲಿಸಿದಳು. ಬೆರಳಿನ ಹಿಂದೆಯೇ ಅವನ ಕಿವಿ ಹೋಯಿತು. ಸಾಲಿನ ಕೊನೆಯಲ್ಲಿ ಉಳಿದವರೆಲ್ಲ ಉಸಿರಿಗೆ ನಿಂತಾಗ ಒಂದು ದಪ್ಪ, ಗಟ್ಟಿ ದನಿ ಕ್ಷಣಕಾಲ ಒಂಟಿಯಾಗಿ ಉಳಿಯಿತು. ಬೆರಳು ಅಲ್ಲೇ ಒತ್ತಿ ನಿಂತಿತು.

"ಸಿಕ್ಕಿತು," ಎಂದ ಅವನು, ಬಹಳ ಮೆಲ್ಲಗೆ.

"ನಂಗೆ ಆಗ ಉಸಿರು ಜಾಸ್ತಿ," ಎಂದಳು ಅವಳು. ಕಣ್ಣು ಒರೆಸಿಕೊಂಡಳು.

ಹಾಡು ಮುಗಿಯಿತು. ರೆಕಾರ್ಡು ಮಗುಚಲು ಅವನು ಏಳಹೊರಟ.

"ಆ ಬದಿಯಲ್ಲಿ ನಾನಿಲ್ಲ," ಎಂದಳು ಮಾಗ್ದಲಿನ್. "ಅದು ಹಾಡಿದ ದಿನ ನಂಗೆ ಜ್ವರ ಇತ್ತು."

"ಇರ್ಲಿ, ಹಾಕು," ಎಂದು ಅವನು ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದ. ಅವಳು ಎದ್ದು ರೆಕಾರ್ಡು ಮಗುಚಿದಳು.