ಬಾಯಿ ತೆಗಿ

ನನ್ನ ತಂಗಿ ದಿನಾ ಬೆಳಗ್ಗೆ ನನ್ನ ಬಾಯಿ ಮೂಸುತ್ತಿದ್ದಳು. ಯಾರಿಗೆ ಹೇಳಿದರೂ ನಂಬುವುದಿಲ್ಲ. ಐವತ್ತೊಂಬತ್ತು ವರ್ಷದ ಹೆಂಗಸು ನಾನು, ಮೂವತ್ತು ವರ್ಷದಿಂದ ಸ್ವಂತ ಹೊಲಿಗೆ ಅಂಗಡಿ ನಡೆಸುತ್ತಿರುವವಳು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳ ಮುಂದೆ ಬಾಯಿ ತೆರೆಯಬೇಕಿತ್ತು.

"ಬಾಯಿ ತೆಗಿ."

"ಏನೂ ತಿಂದಿಲ್ಲ ಕಣೇ."

"ತೆಗಿ ಅಂದ್ನಲ್ಲ."

ತೆಗೆಯುತ್ತಿದ್ದೆ. ಅವಳು ಕಣ್ಣು ಮುಚ್ಚಿ ಮೂಗು ಹತ್ತಿರ ತಂದು ಮುಖ ಸಿಂಡರಿಸುತ್ತಿದ್ದಳು. "ಥೂ, ಗಬ್ಬು ವಾಸನೆ! ಏನೋ ಕದ್ದು ತಿಂದಿದ್ದೀಯ. ನನ್ನ ಹತ್ರ ನಿನ್ನ ಆಟ ನಡೆಯಲ್ಲ."

ಅವಳು ಇಪ್ಪತ್ತಾರು ವರ್ಷ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿದ್ದವಳು. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ನನ್ನ ಮನೆಗೆ ಬಂದ ಮೇಲೆ ಕಾಯಲು ಹುಡುಗಿಯರಿಲ್ಲ, ನಾನೊಬ್ಬಳು ಸಿಕ್ಕಿದೆ. ಸಕ್ಕರೆ ಡಬ್ಬ, ಬಿಸ್ಕತ್ತು, ಬ್ರೆಡ್ಡು ಎಲ್ಲವೂ ಕಪಾಟಿನೊಳಗೆ, ಕಪಾಟಿಗೆ ಬೀಗ, ಬೀಗದ ಕೈ ಅವಳ ಸೊಂಟದಲ್ಲಿ. ಆ ಗೊಂಚಲಿನ ಸದ್ದು ಕೇಳಿದರೇ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವಳಿಗೂ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುತ್ತಿರಲಿಲ್ಲ. ಒಬ್ಬ ವಕೀಲರ ಕಪ್ಪು ಕೋಟಿಗೆ ನೀಲಿ ದಾರದಲ್ಲಿ ಗುಂಡಿಯ ಕಾಜಾ ಹಾಕಿದ್ದೆ, ಅವರು ಅದನ್ನು ನನ್ನ ಮೇಜಿನ ಮೇಲೆ ಎಸೆದು ಹೋಗಿದ್ದರು. ಆಪರೇಷನ್ ಆಗದಿದ್ದರೆ ಅಂಗಡಿ ಮುಚ್ಚುವುದೊಂದೇ ದಾರಿ. ಕಣ್ಣಿನ ಡಾಕ್ಟರು ಮಾತ್ರ ಮೂರು ಸಲ ವಾಪಸ್ ಕಳಿಸಿದ್ದರು. "ಶುಗರ್ ಇನ್ನೂರ ಅರವತ್ತು ಇದೆ. ಇಳಿಸ್ಕೊಂಡು ಬನ್ನಿ." ಇಳಿಸಿಕೊಳ್ಳಲು ಅದೇನು ತಲೆಯ ಮೇಲಿನ ಬುಟ್ಟಿಯೇ? ಮಾತ್ರೆ ತಪ್ಪಿಸಿರಲಿಲ್ಲ, ನಡಿಗೆ ಬಿಟ್ಟಿರಲಿಲ್ಲ, ಸಿಹಿ ಕಣ್ಣೆತ್ತಿಯೂ ನೋಡಿರಲಿಲ್ಲ. ಮೂರನೆಯ ಸಲ ಆಸ್ಪತ್ರೆಯ ವರಾಂಡದಲ್ಲಿ, ಹತ್ತು ಜನರ ಎದುರಿಗೆ, ತಂಗಿ ನನ್ನನ್ನು "ಕಳ್ಳಿ" ಎಂದಳು.

ನಾನು ಕಳ್ಳಿಯೇ. ಆದರೆ ಮುಚ್ಚಿಟ್ಟಿದ್ದು ಸಿಹಿಯನ್ನಲ್ಲ.

ಒಂದು ವರ್ಷದಿಂದ ನನ್ನ ಎಡಗಡೆಯ ಒಸಡಿನಲ್ಲಿ ರಕ್ತ ಬರುತ್ತಿತ್ತು. ಬ್ರಷ್ ತಾಗಿದರೆ ರಕ್ತ ಎಂದು ಆ ಕಡೆ ಬ್ರಷ್ ಹಾಕುವುದನ್ನೇ ಬಿಟ್ಟಿದ್ದೆ. ಮುಟ್ಟದೆ ಬಿಟ್ಟರೆ ತಾನಾಗಿಯೇ ವಾಸಿಯಾಗುತ್ತದೆ ಎಂದು ನನ್ನ ಬುದ್ಧಿವಂತಿಕೆ. ಆ ಕಡೆಯ ಕೋರೆಹಲ್ಲು ಅಲ್ಲಾಡುತ್ತಿತ್ತು. ನಲವತ್ತು ವರ್ಷ ನಾನು ದಾರ ಕಡಿದದ್ದು ಅದೇ ಹಲ್ಲಿನಿಂದ. ತಂಗಿಗೆ ಗೊತ್ತಾದರೆ ಅವತ್ತೇ ದರದರ ಎಳೆದುಕೊಂಡು ಹೋಗಿ ಕೀಳಿಸುತ್ತಾಳೆ. ಕಪಾಟು ಅವಳದಾಯಿತು, ಹಲ್ಲನ್ನೂ ಅವಳ ಕೈಗೆ ಕೊಡಬೇಕೇ ಎಂದು ನನ್ನ ಹಟ.

ಒಂದು ಮಧ್ಯಾಹ್ನ, ಬೀದಿಯ ಕೊನೆಯಲ್ಲಿರುವ ಹಲ್ಲಿನ ಡಾಕ್ಟರಮ್ಮನ ಬಿಳಿ ಕೋಟಿಗೆ ಜೇಬು ಹೊಲಿದು ದಾರ ಕಡಿದೆ. ಜೇಬಿನ ಮೇಲೆ ಬಿದ್ದ ಕಲೆ ನನ್ನ ಕಣ್ಣಿಗೆ ಕಾಣಲಿಲ್ಲ. ಸಂಜೆ ಆಕೆಯೇ ಬಂದಳು. ನನಗೊಬ್ಬ ಮಗಳಿದ್ದಿದ್ದರೆ ಅಷ್ಟೇ ವಯಸ್ಸು. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ಇದೇನಮ್ಮಾ, ರಕ್ತ?"

"ಸೂಜಿ ಚುಚ್ಚಿರ್ಬೇಕು."

"ಸೂಜಿ ಚುಚ್ಚಿದ್ರೆ ಜೊಲ್ಲೂ ಬರುತ್ತಾ? ಬಾಯಿ ತೆಗೀರಿ."

ಇವಳೊಬ್ಬಳು ಕಡಿಮೆಯಾಗಿದ್ದಳು! "ನಿಮ್ಮ ಕೋಟು ತಗೊಂಡು ಮೊದಲು ಇಲ್ಲಿಂದ ನಡೀರಿ!" ಎಂದು ಕೂಗಿದೆ. ಕೂಗಬೇಕಾದರೆ ಬಾಯಿ ತೆರೆಯಲೇಬೇಕಲ್ಲ. ಆಕೆ ನೋಡಿಯೇಬಿಟ್ಟಳು.

"ಶುಗರ್ ಇದೆಯಾ ನಿಮಗೆ?"

"ಇದ್ರೆ ನಿಮಗೇನು?"

"ಇಳೀತಾ ಇಲ್ಲ, ಅಲ್ವಾ?"

ನಾನು ಕೋಟು ಮಡಚತೊಡಗಿದೆ. ಆಕೆ ದನಿ ತಗ್ಗಿಸಲಿಲ್ಲ. "ಒಸಡಲ್ಲಿ ಕೀವು ತುಂಬ್ಕೊಂಡು ಕೂತಿದ್ದೀರಿ. ಆ ಸೋಂಕು ಇರೋ ತನಕ ಸಕ್ಕರೆ ಹತೋಟಿಗೆ ಬರೋದು ಕಷ್ಟ. ಸಕ್ಕರೆ ಏರಿದ್ರೆ ಒಸಡು ಇನ್ನೂ ಹಾಳಾಗುತ್ತೆ. ಎರಡೂ ಸೇರ್ಕೊಂಡು ನಿಮ್ಮನ್ನ ತಿಂತಾ ಇವೆ. ರಕ್ತ ಬರುತ್ತೆ ಅಂತ ಬ್ರಷ್ ಬಿಟ್ಟವರು ಯಾರು, ನೀವೇನಾ? ಭೇಷ್!"

ಅಷ್ಟು ಬೈಸಿಕೊಂಡ ಮೇಲೂ ಮಾರನೆಯ ದಿನ ಹೋದೆ. ಕಣ್ಣಿನ ಆಸೆ. ನಾಲ್ಕು ಸಲ ಕೂರಿಸಿ ಒಸಡಿನ ಒಳಗಿನ ಪಾಚಿಯನ್ನೆಲ್ಲ ಕೆರೆದಳು. ಕೋರೆಹಲ್ಲು ಉಳಿಯಲಿಲ್ಲ. ಸಕ್ಕರೆಯ ಡಾಕ್ಟರಿಗೆ ಒಂದು ಚೀಟಿ ಬರೆದಳು, ಅವರು ಮಾತ್ರೆಯನ್ನು ಒಂದಿಷ್ಟು ಬದಲಿಸಿದರು. ತಂಗಿಗೆ ಹಲ್ಲು ತಾನಾಗಿಯೇ ಬಿತ್ತು ಎಂದೆ. "ವಯಸ್ಸಾಯ್ತು ನಿನಗೆ" ಎಂದಳು, ಮುಖ ಕೂಡ ಎತ್ತದೆ.

ಮೂರು ತಿಂಗಳಿಗೆ ಶುಗರ್ ನೂರ ಅರವತ್ತಕ್ಕೆ ಬಂತು. ಆಪರೇಷನ್ನಿಗೆ ದಿನ ಕೊಟ್ಟರು. ಅದೇ ವರಾಂಡದಲ್ಲಿ ತಂಗಿ ಎಲ್ಲರಿಗೂ ಕೇಳುವ ಹಾಗೆ, "ನೋಡಿದ್ಯಾ? ನಾನು ಬೀಗ ಹಾಕಿದ್ದಕ್ಕೇ ಇಳೀತು!" ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು. ನನಗೆ ರಕ್ತ ಕುದಿಯಿತು. ಮೊದಲು ಕಣ್ಣು ಬರಲಿ, ಜಗಳ ಆಮೇಲೆ ಮಾಡೋಣ ಎಂದುಕೊಂಡೆ.

ಕಣ್ಣು ಬಂತು. ಪಟ್ಟಿ ಬಿಚ್ಚಿದ ಮರುದಿನ ಬೆಳಗ್ಗೆ ಬಚ್ಚಲಮನೆಗೆ ಹೋದೆ. ಗೋಡೆ ಇಷ್ಟು ಬಿಳಿ ಇದ್ದದ್ದೇ ನನಗೆ ಮರೆತುಹೋಗಿತ್ತು. ಲೋಟದಲ್ಲಿ ಎರಡು ಬ್ರಷ್. ನನ್ನದು ಶುದ್ಧವಾಗಿತ್ತು. ತಂಗಿಯದರ ಎಳೆಗಳ ಬುಡದಲ್ಲಿ ಕಂದು ಬಣ್ಣ ಕಟ್ಟಿತ್ತು. ತೊಟ್ಟಿಯ ಅಂಚಿನಲ್ಲಿ ಉಗುಳಿದ ನೊರೆ, ನಸುಗೆಂಪು. ಎಷ್ಟು ತಿಂಗಳಿಂದ ನನ್ನ ಎದುರಿಗೇ ಇತ್ತೋ.

ಮೊದಲು ಬಂದದ್ದು ಖುಷಿ. ಸುಳ್ಳೇಕೆ ಹೇಳಲಿ, ಕುಣಿಯುವಷ್ಟು ಖುಷಿಯಾಯಿತು. ಅಮ್ಮನಿಗೂ ಸಕ್ಕರೆ ಇತ್ತು, ನನಗೂ ಇದೆ. ಈ ಮಹಾರಾಯಿತಿ ಒಂದು ದಿನವೂ ತನ್ನ ರಕ್ತ ಪರೀಕ್ಷೆ ಮಾಡಿಸಿದವಳಲ್ಲ. ಆಮೇಲೆ ಹೆದರಿಕೆಯಾಯಿತು.

ಬೀಗದ ಕೈ ಸದ್ದು ಮಾಡುತ್ತಾ ಅವಳು ಬಾಗಿಲಿಗೆ ಬಂದಳು. "ಬಾಯಿ ತೆಗಿ."

ನಾನು ಅವಳ ಬ್ರಷ್ ಎತ್ತಿ ಹಿಡಿದೆ. "ನೀನು ತೆಗಿ."

"ಅದಾ? ಬ್ರಷ್ ಗಟ್ಟಿ ಇದೆ, ಅಷ್ಟೇ." ಅವಳ ಕೈ ಆಗಲೇ ಕೆನ್ನೆಗೆ ಹೋಗಿತ್ತು. ಅಂಥ ಸುಳ್ಳನ್ನು ನಾನೂ ಒಂದು ವರ್ಷ ಹೇಳಿದ್ದೆ.

"ತೆಗಿ ಅಂದ್ನಲ್ಲ."

ಇಪ್ಪತ್ತಾರು ವರ್ಷ ವಾರ್ಡನ್ ಆಗಿದ್ದವಳು ಬಾಯಿ ತೆರೆದಳು. ನಾನು ಮೂಸಲಿಲ್ಲ, ನೋಡಿದೆ. ಒಸಡು ಊದಿಕೊಂಡಿತ್ತು, ಹಿಂದಿನ ಎರಡು ಹಲ್ಲಿನ ಸುತ್ತ ಕೀವಿತ್ತು. ಅವಳ ಕಣ್ಣಲ್ಲಿ ನೀರು ತುಂಬಿತು. ನನಗೆ ಅಯ್ಯೋ ಎನಿಸಲಿಲ್ಲ.

"ಬೀಗದ ಕೈ ಅಲ್ಲಿಡು. ಚಪ್ಪಲಿ ಹಾಕ್ಕೋ," ಎಂದೆ.