ಮಿರ್ತಿಯ ನಾಲ್ಕನೆಯ ಹೆರಿಗೆ

"ಯಂತ್ರ ಕೆಳಗಿಡು ಆರ್ಮಾನ್. ಬೋಳಿಸಿದ್ದು ಸಾಕು," ಎಂದಳು ಒದಿಲ್.

ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ; ದನದ ಡಾಕ್ಟರು ಕೊಯ್ಯಲು ಬರುವಷ್ಟರಲ್ಲಿ ಪಕ್ಕೆ ಬೋಳಾಗಿರಬೇಕಿತ್ತು. ಕೊಟ್ಟಿಗೆಯ ಕಂಬಿಗೆ ಕಟ್ಟಿದ್ದ ಹಸು ಮಿರ್ತಿಯ ಎಡಪಕ್ಕೆಯಿಂದ ಕೂದಲು ಉದುರುತ್ತಲೇ ಇತ್ತು. ಬೋಳಾದ ಚರ್ಮದ ಮೇಲೆ ಹಳೆಯ ಹೊಲಿಗೆಯ ಗೆರೆಗಳು ಎದ್ದು ಕಂಡವು. ಅವಳ ಮೂರು ಕರುಗಳನ್ನೂ ಡಾಕ್ಟರ್ ಪಿರೋಟ್ ಅಲ್ಲಿಂದಲೇ ಕೊಯ್ದು ತೆಗೆದಿದ್ದರು. ಆರ್ದೆನ್ ಗುಡ್ಡದ ಆ ಊರಿನಲ್ಲಿ ದನ ಈಯುವುದೆಂದರೆ ಹಾಗೆಯೇ.

ಕಳೆದ ಸಲ ಹೊಲಿಗೆ ಹಾಕುತ್ತಲೇ ಡಾಕ್ಟರು, ಒಳಗೆಲ್ಲ ಅಂಟಿಕೊಂಡಿದೆ, ಇನ್ನೊಮ್ಮೆ ಕೊಯ್ದರೆ ಇವಳು ಉಳಿಯುವುದು ಕಷ್ಟ ಎಂದಿದ್ದರು. ಆರ್ಮಾನ್‌ನ ಲೆಕ್ಕಾಚಾರ ಸರಳವಾಗಿತ್ತು. ಕರು ದಕ್ಕಲಿ, ಹಸು ಅಂದೇ ಮಾಂಸದಂಗಡಿಗೆ ಹೋಗಲಿ. ಅಂಗಡಿಯವನಿಗೆ ಬೆಳಿಗ್ಗೆಯೇ ಹೇಳಿಯೂ ಆಗಿತ್ತು. ಆದರೆ ತಾಯಿ ಸತ್ತ ಮಿರ್ತಿಯನ್ನು ಅಡುಗೆಮನೆಯ ಒಲೆಯ ಪಕ್ಕ ಮಲಗಿಸಿಕೊಂಡು ಬಾಟಲಿ ಹಾಲಿನಲ್ಲಿ ಬೆಳೆಸಿದವಳು ಒದಿಲ್.

ಹಾಗಾಗಿಯೇ ಅವಳು ಹೋದ ವರ್ಷ ಡಾಕ್ಟರನ್ನು ಹಿಡಿದು ನಿಲ್ಲಿಸಿ ಕೇಳಿದ್ದಳು, ನಮ್ಮ ದನಗಳಿಗೇ ಯಾಕೆ ಈ ಕರ್ಮ ಎಂದು.

"ನೋಡಮ್ಮ, ಮಾಂಸಖಂಡ ಬೆಳೀತಾ ಇದ್ರೆ, ಸಾಕು ನಿಲ್ಲು ಅಂತ ಹೇಳೋಕೆ ಮೈಯಲ್ಲೇ ಒಂದು ಪ್ರೋಟೀನ್ ಇರುತ್ತೆ. ಮಯೋಸ್ಟಾಟಿನ್ ಅಂತ. ನಮ್ಮ ತಳೀಲಿ ಅದು ಕೆಟ್ಟಿದೆ. ಹೇಳೋರು ಕೇಳೋರು ಇಲ್ದೆ ಮಾಂಸ ತುಂಬ್ಕೊಳ್ಳುತ್ತೆ. ಹೊಟ್ಟೇಲಿರೋ ಕರೂಗೂ ಅದೇ ದಪ್ಪ ತೊಡೆ, ತಾಯಿಗೆ ದಾರಿ ಇಕ್ಕಟ್ಟು. ತಿನ್ನೋರಿಗೆ ಹಬ್ಬ, ಇವಕ್ಕೆ ಚಾಕು."

"ಬೇರೆ ತಳಿ ಹೋರಿ ಆದ್ರೆ?"

"ಆಗ ಕರು ಸಪೂರ ಇರುತ್ತೆ. ತಾನಾಗೇ ಈದ್ರೂ ಈಯಬಹುದು. ನಾನು ಮಾತು ಕೊಡಲ್ಲ."

ಗಂಡ ಸಂತೆಗೆ ಹೋದ ದಿನ ಒದಿಲ್ ಬೇರೆ ತಳಿಯ ಹೋರಿಯ ವೀರ್ಯ ಹಾಕಿಸಿದ್ದಳು. ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಬಿಡದೆ ವಿಧಿಯಿರಲಿಲ್ಲ.

"ಹೊಟ್ಟೇಲಿರೋದು ನಮ್ಮ ಹೋರೀದಲ್ಲ. ಸಪೂರದ್ದು. ನಾನೇ ಹಾಕಿಸ್ದೆ."

ಯಂತ್ರ ನಿಂತಿತು. "ನಮ್ಮಪ್ಪ ಇದ್ದಿದ್ರೆ ನಿನ್ನ ಮನೆಯಿಂದಾಚೆ ಹಾಕ್ತಿದ್ದ," ಎಂದ ಆರ್ಮಾನ್. ಆ ಅಪ್ಪ ಹೋರಿಗಳ ತೊಡೆ ತಟ್ಟಿ ತೋರಿಸುತ್ತ ಊರೂರು ಮೆರೆದವನು.

"ನಿಮ್ಮಪ್ಪ ಇದ್ದಿದ್ರೆ ಇವಳು ಯಾವತ್ತೋ ತಟ್ಟೆ ಮೇಲಿರ್ತಿದ್ಲು."

ಅಷ್ಟರಲ್ಲಿ ಮಿರ್ತಿ ನರಳಿದಳು. ಬಾಲದ ಕೆಳಗೆ ಎರಡು ಬಿಳಿ ಗೊರಸು ಇಣುಕಿದವು. ಆರ್ಮಾನ್ ಯಂತ್ರ ಎಸೆದು ಅವಳ ಹಿಂಬದಿಗೆ ಓಡಿದ.

"ಅಯ್ಯೋ, ಕಾಲು! ಹಿಂದಿನಿಂದ ಬರ್ತಿದೆ! ಎಡವಟ್ಟಾಯ್ತು ಕಣೇ, ಒಳಗೆ ತಳ್ಳು, ತಳ್ಳು!"

ನಗಬೇಡಿ. ದನಗಳ ನಡುವೆಯೇ ಹುಟ್ಟಿ ತಲೆ ನರೆಸಿಕೊಂಡ ಮನುಷ್ಯ ಅವನು. ಆದರೆ ಅವನ ಕೊಟ್ಟಿಗೆಯಲ್ಲಿ ಒಂದೇ ಒಂದು ಕರುವೂ ಬಾಲದ ಕೆಳಗಿನ ಆ ದಾರಿಯಲ್ಲಿ ಬಂದಿರಲಿಲ್ಲ; ಎಲ್ಲವೂ ಪಕ್ಕೆಯಿಂದಲೇ. ಒದಿಲಳೂ ಕಂಡವಳಲ್ಲ.

ಡಾಕ್ಟರು ಒಳಗೆ ಬಂದವರೇ ನೋಡಿದರು, ಪೆಟ್ಟಿಗೆಯನ್ನು ಹುಲ್ಲಿನ ಮೇಲಿಟ್ಟರು, ತೆರೆಯಲಿಲ್ಲ. "ಮುಟ್ಟಬೇಡ ಮಾರಾಯ. ಕೈ ಜೇಬಿಗೆ ಹಾಕ್ಕೊ."

"ಕೊಯ್ಯಲ್ವಾ?"

"ಯಾಕೆ? ಅವಳೇ ಮಾಡ್ತಿದ್ದಾಳಲ್ಲ."

ಮೂತಿ ಬಂತು, ತಲೆ ಬಂತು, ಹೆಗಲು ಸಿಕ್ಕಿಕೊಂಡಿತು. ಮಿರ್ತಿ ಕಾಲೂರಿ ಇನ್ನೊಮ್ಮೆ ತಿಣುಕಿದಳು. ಕರು ಜಾರಿ ಹುಲ್ಲಿನ ಮೇಲೆ ಬಿತ್ತು, ಒದ್ದೆ ಮೈ, ಉದ್ದನೆ ಕಾಲು, ಉಸಿರಾಡುತ್ತಿತ್ತು.

"ತೊಡೆಯೇ ಇಲ್ವಲ್ಲ ಇದಕ್ಕೆ," ಎಂದ ಆರ್ಮಾನ್ ಮೆಲ್ಲಗೆ.

"ಅಂಗಡಿಯವನಿಗೆ ಏನು ಹೇಳ್ಲಿ?" ಎಂದಳು ಒದಿಲ್.

ಮಿರ್ತಿ ಹಗ್ಗ ಬಿಟ್ಟಷ್ಟು ಕತ್ತು ತಿರುಗಿಸಿ ತನ್ನ ಎಡಪಕ್ಕೆಯನ್ನು ಮೂಸಿದಳು. ಆಮೇಲೆ ಅದರ ಕೆಳಗಿನ ನೆಲ ಮೂಸಿದಳು. ಪ್ರತಿ ಸಲ ಕರುವನ್ನು ಅಲ್ಲಿಂದಲೇ ಎತ್ತಿ, ಅವಳು ನೆಕ್ಕುವ ಮೊದಲೇ ಹೊತ್ತುಕೊಂಡು ಹೋಗುತ್ತಿದ್ದರು. ಹಿಂದೆ ಕರು ಕೂಗಿತು. ಅವಳು ಅದೇ ಜಾಗ ನೋಡುತ್ತ ನಿಂತಳು. ಒದಿಲ್ ಅತ್ತುಬಿಟ್ಟಳು.

ಆರ್ಮಾನ್ ಕಂಬಿಯ ಗಂಟು ಬಿಚ್ಚಿ, ಎರಡೂ ಕೈಯಲ್ಲಿ ಮಿರ್ತಿಯ ಮುಖ ಹಿಡಿದು ತಿರುಗಿಸತೊಡಗಿದ.

"ಅಲ್ಲಿಲ್ಲ ಕಣೇ," ಎಂದ. "ಹಿಂದೆ ಇದೆ ನೋಡು. ಹಿಂದೆ."