ಕರ್ನಲ್‌ನ ಕಥೆ ಹೇಳುವವರ ಕುರ್ಚಿ

"ಕುರ್ಚಿ ಬಿಡು ಲವಿನಿಯಾ. ನಾನು ನಿನಗಿಂತ ದೊಡ್ಡೋಳು," ಎಂದಳು ವರ್ಡೆಲ್. ಅವಳ ಕೈಯಲ್ಲಿ ಪೀಚ್ ಹಣ್ಣು ತುಂಬಿ ಬೇಯಿಸಿದ ಸಿಹಿ ಪೈ ಇನ್ನೂ ಬಿಸಿಯಾಗಿತ್ತು.

ಓಕ್ ಮರದ ಕೆಳಗೆ, ಗೋರಿಗಳ ನಡುವೆ, ಬುತ್ತಿ ಬಿಚ್ಚುತ್ತಿದ್ದ ಕೈಗಳೆಲ್ಲ ನಿಂತವು.

ಪ್ರತಿ ಮೇ ತಿಂಗಳು ಹಿರಿಯರ ಗೋರಿಗಳ ಕಳೆ ಕಿತ್ತು, ಹೂವಿಟ್ಟು, ಅಲ್ಲೇ ಉಣ್ಣುವುದು ಅಮೆರಿಕದ ಜಾರ್ಜಿಯಾದ ಈ ಕಡೆಯವರ ರೂಢಿ. ಈ ಬಿಳಿಯರ ಮನೆತನದಲ್ಲಿ ಊಟಕ್ಕೆ ಮುಂಚೆ ಮೂಲಪುರುಷ ಕರ್ನಲ್‌ನ ಕಥೆಯೂ ಆಗಬೇಕು. ಹೇಳುವ ಹಕ್ಕು ಅವನ ರಕ್ತದ ಹಿರಿಯರದು. ಇದ್ದ ಒಂದೇ ಕುರ್ಚಿಯೂ ಅವರದೇ. ಮಿಕ್ಕವರು ನೆಲದ ಮೇಲೆ. ಬಹಳ ವರ್ಷದಿಂದ ಲವಿನಿಯಾಳೇ ಹೇಳುತ್ತಿದ್ದಳು: ಹತ್ತಿ ಹೊಲ, ಬಿಳಿ ಕುದುರೆ, ಗುಲಾಮಗಿರಿ ಉಳಿಸಲು ಕಾದಿದ ದಕ್ಷಿಣದ ಸೈನ್ಯದಲ್ಲಿ ಕರ್ನಲ್ ತಿಂದ ಗುಂಡು. ವರ್ಷ ಕಳೆದಂತೆ ಗುಂಡುಗಳೂ ಹೆಚ್ಚುತ್ತಿದ್ದವು. ಕಳೆದ ಸಲ ಕುದುರೆಗೂ ಒಂದು ಬಿದ್ದಿತ್ತು.

ಕಪ್ಪು ಜನರ ಓಣಿಯ ವರ್ಡೆಲ್ ಕರ್ನಲ್‌ನ ಮರಿಮೊಮ್ಮಗಳೆಂಬುದು ಊರಿಗೆಲ್ಲ ತಿಳಿದಿದ್ದ ಗುಟ್ಟು. ಮೂಗು ಅವನದೇ. ಈ ವರ್ಷ ಲವಿನಿಯಾಳೇ ಧೈರ್ಯ ಮಾಡಿ ಅವಳನ್ನು ಕರೆದಿದ್ದಳು. ಆದರೆ ವಯಸ್ಸಿನ ವಿಷಯ ತಲೆಗೆ ಹೊಳೆದಿರಲಿಲ್ಲ.

"ಊಟಕ್ಕೆ ಕರೆದೆ ಕಣೇ, ಕುರ್ಚಿಗಲ್ಲ."

"ಮನೆಯವಳು ಅಂದ್ರೆ ಪೂರ್ತಿ ಮನೆಯವಳು. ಇಲ್ಲಾಂದ್ರೆ ಪೈ ತಗೊಂಡು ಹೊರಟೆ."

ಪೈಯನ್ನೇ ನೋಡುತ್ತಿದ್ದ ಸೋದರಳಿಯ ಥರ್ಮನ್ ಕೆಮ್ಮಿದ. "ಅತ್ತೆ, ಹಿರಿಯರು ಅಂದ್ರೆ ಹಿರಿಯರು. ಪ್ರತಿ ವರ್ಷ ನೀವೇ ಹೇಳ್ತೀರಲ್ಲ."

ಲವಿನಿಯಾ ಕುರ್ಚಿಯಲ್ಲಿ ಇನ್ನಷ್ಟು ಒತ್ತಿ ಕೂತಳು. ವರ್ಷಕ್ಕೊಮ್ಮೆ ಈ ಕುರ್ಚಿಯಲ್ಲಿ ಕೂತಾಗಷ್ಟೇ ಎಲ್ಲರೂ ಅವಳ ಮಾತು ಕೇಳುತ್ತಿದ್ದರು.

"ನಿನಗೆ ಕಥೆ ಗೊತ್ತೇನೇ?"

"ನಿನಗೆ ಗೊತ್ತಿಲ್ಲದ ಅರ್ಧ ಗೊತ್ತು."

ಲವಿನಿಯಾ ಬೀಸಣಿಗೆ ಹಿಡಿದು ಎದ್ದಳು. "ಕುರ್ಚಿಯ ಎಡಗಾಲು ಅಲ್ಲಾಡುತ್ತೆ, ಹುಷಾರು," ಎಂದಳು.

"ನನ್ನದೂ ಅಲ್ಲಾಡುತ್ತೆ, ಬಿಡು."

ಎಲ್ಲರೂ ನಕ್ಕರು. ಲವಿನಿಯಾ ಥರ್ಮನ್‌ನ ಭುಜ ಹಿಡಿದು ಜಮಖಾನದ ಮೇಲೆ ಮೆಲ್ಲಗೆ ಕುಳಿತಳು. ಅಲ್ಲಿಂದ ಕುರ್ಚಿ ಬಹಳ ಎತ್ತರ ಕಂಡಿತು.

ವರ್ಡೆಲ್ ಲಂಗ ಸರಿಮಾಡಿಕೊಂಡಳು. "ಹೆಸ್ಟರ್ ಅಂತ ಒಬ್ಬ ಹುಡುಗಿ ಇದ್ಲು, ನನ್ನ ಮುತ್ತಜ್ಜಿ," ಎಂದಳು. "ಕರ್ನಲ್ ಅವಳನ್ನ ಸಂತೆಯಿಂದ ಕೊಂಡು ತಂದಿದ್ದ, ಹೇಸರಗತ್ತೆ ತಂದ ದಿನವೇ. ಬೇಡ ಅನ್ನೋ ಹಕ್ಕು ಅವಳಿಗಿರಲಿಲ್ಲ. ಹಾಡು ಮಾತ್ರ ಚೆನ್ನಾಗಿ ಹೇಳ್ತಿದ್ಲು."

ಲವಿನಿಯಾಳ ಬೀಸಣಿಗೆ ನಿಂತಿತು. ಆಮೇಲೆ ಅವಳು ಅದನ್ನು ಕುರ್ಚಿಯ ಕಡೆಗೆ ತಿರುಗಿಸಿ ವರ್ಡೆಲ್‌ಗೆ ಮೆಲ್ಲಗೆ ಗಾಳಿ ಬೀಸತೊಡಗಿದಳು.